ಮಗಳ ಮೊದಲ ಕೋವಿಗಾಗಿ ನಾಲ್ಕು ಕೋವಿಗಳ ಪರೀಕ್ಷೆ

ನನ್ನ ಮೊದಲ ಕೋವಿ ಇಂದಿಗೂ ನನ್ನ ಬಳಿಯೇ ಇದೆ. 12 ಬೋರಿನ ಒಂಟಿ ನಳಿಗೆಯ ತೋಟೆ ಕೋವಿ, ಕುದುರೆ (ಟ್ರಿಗರ್ ಎಳೆದಾಗ ಬಡಿದು ತೋಟೆ ಸಿಡಿಸುವ ಭಾಗ) ಹೊರಗಡೆ ಇರುವಂಥದ್ದು. ಅಪ್ಪ ಅದನ್ನು ನನ್ನ ಕೈಗಿತ್ತಾಗ ನನಗೆ 13 ವರ್ಷ. ಹಿಡಿಯ ಎಡಮಗ್ಗುಲಲ್ಲಿ, ಕೆನ್ನೆ ಒರಗುವ ಜಾಗದಲ್ಲಿ, ವರ್ಷಗಟ್ಟಲೆ ಅಪ್ಪನ ಬೆವರು ಕುಡಿದು ಕಪ್ಪಾದ ಒಂದು ಕಲೆ ಇತ್ತು. ಹಿಡಿ ನನಗೆ ಉದ್ದವಾಗಿದ್ದರಿಂದ ನನ್ನ ಕೆನ್ನೆ ಅಲ್ಲಿಗೆ ಎಟುಕುತ್ತಿರಲಿಲ್ಲ. ಅದಕ್ಕೆ ಎರಡು ಬೆರಳು ಹಿಂದೆ ನನ್ನದೇ ಇನ್ನೊಂದು ಕಲೆ ಮೂಡಿತು. ಈಗಲೂ ಅಗಸೆ ಎಣ್ಣೆ ಹಚ್ಚಿ ಒರೆಸುವಾಗ ಎರಡೂ ಕಲೆಗಳು ಬೇರೆಬೇರೆಯಾಗಿ ಕಾಣುತ್ತವೆ.

ಈಗ ಮಗಳಿಗೆ 15 ತುಂಬಿದೆ. ಪರವಾನಗಿಗೆ ಬೇಕಾದ ಪಾಠವನ್ನೂ ಪರೀಕ್ಷೆಯನ್ನೂ ಮುಗಿಸಿದ್ದಾಳೆ. ಆ ಕೋವಿ ಅವಳಿಗೇ ಹೋಗುತ್ತದೆ ಎಂದು ನಾನು ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಆದರೂ ಕೊಡುವ ಮೊದಲು ಅದನ್ನು ಬೇರೆ ಕೋವಿಗಳ ಪಕ್ಕದಲ್ಲಿಟ್ಟು ಹೊಡೆದು ನೋಡಬೇಕು ಅನ್ನಿಸಿತು. ಪ್ರೀತಿಯ ಮಾತನ್ನು ಕಾಗದದ ಮೇಲಿನ ತೂತು ಒಪ್ಪುತ್ತದೆಯೋ ಇಲ್ಲವೋ ತಿಳಿಯಬೇಕಿತ್ತು. ಗೆಳೆಯರಿಂದ, ನೆಂಟರಿಂದ ಇನ್ನು ಮೂರನ್ನು ಹೊಂದಿಸಿಕೊಂಡೆ: 410ರ ಒಂಟಿ ನಳಿಗೆ, 20 ಬೋರಿನ ಜೋಡಿ ನಳಿಗೆ, 0.22ರ ಬೋಲ್ಟ್ ರೈಫಲ್ (ಕೈಯಿಂದ ಬೋಲ್ಟ್ ಎಳೆದು ತೋಟೆ ತುಂಬುವಂಥದ್ದು). ತಿಂಗಳಿಡೀ ಗುರಿ ಅಭ್ಯಾಸದ ಬಯಲಿನಲ್ಲಿ, ಆಮೇಲೆ ಬೇಟೆಯ ಋತುವಿನಲ್ಲಿ, ನಾಲ್ಕನ್ನೂ ಬಳಸಿದೆವು.

ರೈಫಲ್ಲಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಗುರಿ ಕಲಿಯಲು ಅದಕ್ಕಿಂತ ಒಳ್ಳೆಯ ಗುರು ಇಲ್ಲ. 1887ರಿಂದ ಚಾಲ್ತಿಯಲ್ಲಿರುವ ಲಾಂಗ್ ರೈಫಲ್ ತೋಟೆ; ಗುಂಡಿನ ತೂಕ ಸುಮಾರು 2.6 ಗ್ರಾಂ. ಒದೆತ ಇಲ್ಲವೆಂದೇ ಹೇಳಬೇಕು, ಸದ್ದೂ ಕಡಿಮೆ. ಮಗಳು ಎರಡನೆಯ ದಿನವೇ 50 ಮೀಟರಿನಲ್ಲಿ ಐದು ಗುಂಡುಗಳನ್ನು ಅಂಗೈ ಅಗಲದೊಳಗೆ ಕೂಡಿಸಿದಳು. ಆದರೆ ನಾವು ಹೋಗುವುದು ಹೆಚ್ಚಾಗಿ ಹಾರುವ ಹಕ್ಕಿಗೆ. ಆ ಪುಟ್ಟ ಗುಂಡು ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು; ಆಕಾಶದ ಕಡೆ ರೈಫಲ್ ಎತ್ತುವ ಮಾತೇ ಇಲ್ಲ. ಬೇಟೆಯ ಚರೆಯಾದರೆ, ಅಂದರೆ ಒಂದೇ ತೋಟೆಯಿಂದ ಚೆಲ್ಲುವ ಸಣ್ಣ ಗುಂಡುಗಳಾದರೆ, ಇನ್ನೂರು–ಇನ್ನೂರೈವತ್ತು ಮೀಟರಿಗೆ ಸೋತು ನೆಲಕ್ಕೆ ಬೀಳುತ್ತದೆ. ಆದ್ದರಿಂದ ರೈಫಲ್ ಅಭ್ಯಾಸಕ್ಕೆ ಉಳಿಯಿತು, ಬೇಟೆಯ ಮೊದಲ ಕೋವಿಯ ಸ್ಪರ್ಧೆಯಿಂದ ಹೊರಬಿತ್ತು.

ಉಳಿದ ಮೂರರ ನಡುವೆ ತೂಗುವ ಮೊದಲು ಬೋರಿನ ಲೆಕ್ಕವನ್ನು ಹೇಳಿಬಿಡುತ್ತೇನೆ, ಏಕೆಂದರೆ ಹೊಸಬರು ಇಲ್ಲೇ ಎಡವುತ್ತಾರೆ. ಒಂದು ಪೌಂಡು ಸೀಸದಲ್ಲಿ ನಳಿಗೆಯ ಬಾಯಿಯಷ್ಟೇ ದಪ್ಪದ 12 ಗುಂಡುಗಳಾದರೆ ಅದು 12 ಬೋರ್, 20 ಆದರೆ 20 ಬೋರ್. ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು: 12ರ ಬಾಯಿ ಸುಮಾರು 18.5 ಮಿ.ಮೀ., 20ರದು 15.6. 410 ಮಾತ್ರ ನೇರವಾಗಿ ಅಳತೆಯ ಹೆಸರು, 0.410 ಅಂಗುಲ, ಅಂದರೆ 10.4 ಮಿ.ಮೀ.

ಕಾಗದದ ಪರೀಕ್ಷೆ ಹಳೆಯ ಪದ್ಧತಿಯದ್ದೇ. ದೊಡ್ಡ ಹಾಳೆಗೆ 36 ಮೀಟರ್ ದೂರದಿಂದ ಒಂದು ಈಡು ಹೊಡೆಯುವುದು, ಚರೆ ದಟ್ಟವಾಗಿ ಬಿದ್ದ ಜಾಗದ ಸುತ್ತ ಸುಮಾರು 76 ಸೆಂ.ಮೀ. ಅಗಲದ ವೃತ್ತ ಎಳೆಯುವುದು, ಒಳಗಿನ ತೂತುಗಳನ್ನು ಎಣಿಸುವುದು. ಪ್ರತಿ ನಳಿಗೆಗೆ ಐದೈದು ಹಾಳೆ. ಎಣಿಸುವ ಕೆಲಸವನ್ನು ಮಗಳೇ ವಹಿಸಿಕೊಂಡಳು. ಎಣಿಸಿದ ಒಂದೊಂದು ತೂತಿಗೂ ಸೀಸದ ಕಡ್ಡಿಯಿಂದ ಗೀಟು ಹಾಕುತ್ತಾ ನೆಲದ ಮೇಲೆ ಬೋರಲಾಗಿ ಮಲಗಿರುತ್ತಿದ್ದಳು.

ನನ್ನ ಹಳೆಯ ಕೋವಿ ಕಾಗದದ ಮೇಲೆ ರಾಜನಂತೆ ನಿಂತಿತು. 32 ಗ್ರಾಂ ಚರೆಯ ತೋಟೆಯಲ್ಲಿ ಸುಮಾರು 250 ಚರೆಗಳು. ನಳಿಗೆ ಫುಲ್ ಚೋಕ್, ಅಂದರೆ ತುದಿಯಲ್ಲಿ ಬಿಗಿದದ್ದು. ವೃತ್ತದೊಳಗೆ ಸರಾಸರಿ 172 ಬಿದ್ದವು. ಅಂಥ ನಳಿಗೆಯಿಂದ ನೂರಕ್ಕೆ ಎಪ್ಪತ್ತನ್ನು ನಿರೀಕ್ಷಿಸುತ್ತಾರೆ, ಅದು ಸರಿಯಾಗಿಯೇ ಇದೆ. ಆ ಹಾಳೆಗಳನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅಂದೇ ತೀರ್ಮಾನ ಮಾಡಿಬಿಡುವವನಿದ್ದೆ. 36 ಮೀಟರಿನಲ್ಲಿ ಅಷ್ಟು ದಟ್ಟವಾಗಿ, ಸಮನಾಗಿ ಚೆಲ್ಲುವ ನಳಿಗೆ ಅಪರೂಪ.

ಆದರೆ ಹೊಡೆದವನು ನಾನು. ಮರುದಿನ ಮಗಳ ಕೈಗೆ ಕೊಟ್ಟೆ.

ಒಂಟಿ ನಳಿಗೆ ಎಂದರೆ ಹಗುರ. ನನ್ನದು 2.7 ಕಿಲೋ. ದಿನವಿಡೀ ಹೊತ್ತು ನಡೆಯಲು ಅದು ವರ, ಹೊಡೆಯುವ ಹೆಗಲಿಗೆ ಶಿಕ್ಷೆ. ಅದೇ ತೋಟೆಯನ್ನು 3.4 ಕಿಲೋದ ಕೋವಿಯಲ್ಲಿ ಹೊಡೆದರೆ ಒದೆತದ ಶಕ್ತಿ ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಮಗಳು ಮೊದಲ ಈಡು ಹೊಡೆದಳು, ಒಂದು ಹೆಜ್ಜೆ ಹಿಂದೆ ಸರಿದಳು, ಏನೂ ಹೇಳಲಿಲ್ಲ. ಎರಡನೆಯದನ್ನೂ ಹೊಡೆದಳು. ನಾಲ್ಕನೆಯದು ಮುಗಿಯುವಷ್ಟರಲ್ಲಿ ನನಗೆ ಅನುಮಾನ ಬಂದು, ಅಪ್ಪ ನನಗೆ ಮಾಡಿದ ಪರೀಕ್ಷೆಯನ್ನೇ ಮಾಡಿದೆ. ಮದ್ದೂ ಚರೆಯೂ ಇಲ್ಲದ ಸುಳ್ಳು ತೋಟೆಯೊಂದನ್ನು ಅವಳಿಗೆ ಗೊತ್ತಾಗದಂತೆ ತುಂಬಿ ಕೊಟ್ಟೆ. ಅವಳು ಗುರಿಯಿಟ್ಟಳು, ಟ್ರಿಗರ್ ಎಳೆದಳು. ಕುದುರೆ ಟಕ್ ಎಂದು ಬಿತ್ತು, ಸದ್ದಾಗಲಿಲ್ಲ. ನಳಿಗೆಯ ತುದಿಯ ಹಿತ್ತಾಳೆ ಮಣಿ ಮಾತ್ರ ಒಂದು ಗೇಣು ಕೆಳಕ್ಕೆ ಮುಳುಗಿತು. ಬರಲಿರುವ ಒದೆತಕ್ಕೆ ಅವಳ ಹೆಗಲು ಮುಂಚೆಯೇ ಅಂಜಿ ಮುಂದಕ್ಕೆ ನುಗ್ಗಿತ್ತು.

ನಾನು ಅಲ್ಲೇ ನಿಂತುಬಿಟ್ಟೆ. ಇದೇ ಮಣಿ ಹೀಗೆಯೇ ಮುಳುಗುವುದನ್ನು ಅಪ್ಪ ನನ್ನ ಕೈಯಲ್ಲಿ ನೋಡಿದ್ದರು. ಆ ಅಂಜಿಕೆಯನ್ನು ಬಿಡಿಸಿಕೊಳ್ಳಲು ನನಗೆ ಮೂರು ಋತುಗಳು ಬೇಕಾದವು. ಆ ಮೂರು ವರ್ಷಗಳಲ್ಲಿ ನಾನು ತಪ್ಪಿಸಿದ ಹಕ್ಕಿಗಳಿಗಿಂತ ಅರ್ಧ ಪೆಟ್ಟು ತಿಂದು ಪೊದೆ ಸೇರಿದವುಗಳ ನೆನಪು ಇಂದಿಗೂ ನನ್ನನ್ನು ಕಾಡುತ್ತದೆ.

ಕುದುರೆಯದ್ದೂ ಒಂದು ಮಾತು ಹೇಳಲೇಬೇಕು. ಹೊಡೆಯುವ ಮೊದಲು ಹೆಬ್ಬೆರಳಿನಿಂದ ಅದನ್ನು ಹಿಂದಕ್ಕೆ ಎಳೆಯಬೇಕು. ಹಕ್ಕಿ ಹೋಗಿಬಿಟ್ಟರೆ ಟ್ರಿಗರ್ ಒತ್ತಿ ಹಿಡಿದು, ಕುದುರೆಯನ್ನು ಹೆಬ್ಬೆರಳಿನಲ್ಲೇ ತಡೆದು ನಿಧಾನಕ್ಕೆ ಇಳಿಸಬೇಕು. 14ನೆಯ ವರ್ಷದಲ್ಲಿ, ಇಬ್ಬನಿಯಿಂದ ಕೈ ಮರಗಟ್ಟಿದ್ದ ಒಂದು ಮುಂಜಾನೆ, ಹಾಗೆ ಇಳಿಸುವಾಗ ಅದು ನನ್ನ ಬೆರಳಿನಿಂದ ಜಾರಿತು. ಈಡು ನನ್ನ ಮುಂದಿನ ಕೆಸರಿಗೆ ನುಗ್ಗಿ ಬುಟ್ಟಿಯಷ್ಟು ಹಳ್ಳ ಮಾಡಿತು. ನಳಿಗೆಯ ಬಾಯಿ ಯಾರೂ ಇಲ್ಲದ ಕಡೆಗೇ ಇರಬೇಕೆಂದು ಅಪ್ಪ ಮೊದಲ ದಿನದಿಂದ ಕಾಡಿಸಿ ಕಲಿಸಿದ್ದರಿಂದ ಮಾತ್ರ ಯಾರಿಗೂ ಏನೂ ಆಗಲಿಲ್ಲ. ಕೆಲವರು ಕುದುರೆಯ ಕೋವಿಯೇ ಹೊಸಬರಿಗೆ ಸುರಕ್ಷಿತ ಎನ್ನುತ್ತಾರೆ, ಎತ್ತಿದೆಯೋ ಇಳಿದಿದೆಯೋ ಕಣ್ಣಿಗೆ ಕಾಣುತ್ತದೆ ಎಂಬ ಕಾರಣಕ್ಕೆ. ಕಾಣುವುದೇನೋ ನಿಜ. ಆದರೆ ತಣ್ಣಗಾದ ಸಣ್ಣ ಹೆಬ್ಬೆರಳು ಆ ವಾದದಲ್ಲಿ ಬರುವುದಿಲ್ಲ. ನನಗೆ ಆ ಹಳ್ಳ ಕಣ್ಣ ಮುಂದಿದೆ.

ಹಾಗಾದರೆ 410? ಮಕ್ಕಳ ಕೋವಿ ಎಂದೇ ಅದಕ್ಕೆ ಹೆಸರು. ನಾವು ತಂದದ್ದು 2.3 ಕಿಲೋ, ತೋಟೆಯಲ್ಲಿ 14 ಗ್ರಾಂ ಚರೆ. ಒದೆತ 12ರದ್ದಕ್ಕೆ ಹೋಲಿಸಿದರೆ ಹೆಚ್ಚೂಕಡಿಮೆ ಕಾಲು ಭಾಗ. ಮಗಳು ನಗುನಗುತ್ತಾ ಹೊಡೆದಳು, ಸುಳ್ಳು ತೋಟೆಗೆ ಮಣಿ ಅಲುಗಲೇ ಇಲ್ಲ. ಹಾಳೆ ಬಿಚ್ಚಿದಾಗ ನಗು ನಿಂತಿತು. 110ರಷ್ಟು ಚರೆಗಳಲ್ಲಿ ವೃತ್ತದೊಳಗೆ 74. ಅಂಕಿಗಿಂತ ನನ್ನನ್ನು ಹೆದರಿಸಿದ್ದು ನಡುವಿನ ಖಾಲಿ ಜಾಗಗಳು. ಒಂದು ಹಾಳೆಯಲ್ಲಿ ಮಗಳು ಪಾರಿವಾಳದ ಗಾತ್ರಕ್ಕೆ ಕತ್ತರಿಸಿದ ರಟ್ಟನ್ನು ಇಟ್ಟು ಆಚೀಚೆ ಸರಿಸುತ್ತಾ ನೋಡಿದಳು. ಒಂದೇ ಒಂದು ತೂತು ತಾಗುವ ಜಾಗಗಳು ನಾಲ್ಕು ಸಿಕ್ಕವು. ಒಂದು ಚರೆ ತಾಗಿದ ಹಕ್ಕಿ ಬೀಳುವುದಿಲ್ಲ, ಎಲ್ಲೋ ಹೋಗಿ ನರಳುತ್ತದೆ. 22 ಮೀಟರಿನೊಳಗೆ ಮಾತ್ರ ಹಾಳೆ ತೃಪ್ತಿಕರವಾಗಿ ತುಂಬಿತು. ಹೊಸಬರ ಕಣ್ಣಿಗೆ 22 ಮೀಟರಿಗೂ 32 ಮೀಟರಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ನನ್ನ ಕಣ್ಣೂ ಒಮ್ಮೆ ಮೋಸಹೋಯಿತು. ಋತುವಿನ ಮೊದಲ ವಾರ ಅದೇ 410ರಿಂದ ನಾನು ಹೊಡೆದ ಒಂದು ಪಾರಿವಾಳ ಕಾಲು ಜೋತುಬಿಟ್ಟುಕೊಂಡು ಮುಳ್ಳುಪೊದೆಯಾಚೆ ಹಾರಿತು. ಇಬ್ಬರೂ ಕತ್ತಲಾಗುವವರೆಗೆ ಹುಡುಕಿದೆವು, ಸಿಗಲಿಲ್ಲ. ಹಿಂದಿರುಗುವಾಗ ಮಗಳು ಮಾತನಾಡಲಿಲ್ಲ. 410 ಪಳಗಿದ ಕೈಯ ಕೋವಿ. ಅದನ್ನು ಮಕ್ಕಳ ಕೈಗೆ ಕೊಟ್ಟು ಹಕ್ಕಿಯ ಮುಂದೆ ನಿಲ್ಲಿಸುವುದು ಮಗುವಿಗೂ ನ್ಯಾಯವಲ್ಲ, ಹಕ್ಕಿಗೂ ಅಲ್ಲ.

20 ಬೋರಿನ ಜೋಡಿ ನಳಿಗೆಯನ್ನು ನಾನು ಪಟ್ಟಿಗೆ ಸೇರಿಸಿದ್ದು ಅರೆಮನಸ್ಸಿನಿಂದ. ಮೊದಲ ಕೋವಿಗೆ ಎರಡು ನಳಿಗೆ ಏಕೆ, ಒಂದೇ ಈಡು ಎಂದರೆ ಕೈ ತಾಳ್ಮೆ ಕಲಿಯುತ್ತದೆ ಎಂದು ನಂಬಿಕೊಂಡು ಬಂದವನು ನಾನು. ಇದರ ತೂಕ 2.8 ಕಿಲೋ, ತೋಟೆಯಲ್ಲಿ 25 ಗ್ರಾಂ, ಸುಮಾರು 195 ಚರೆ. ಬಲ ನಳಿಗೆ ಸಡಿಲ ಚೋಕ್, ಎಡದ್ದು ಅರ್ಧ ಬಿಗಿ. 36 ಮೀಟರಿನಲ್ಲಿ ಬಲದ್ದು ಸರಾಸರಿ 99, ಎಡದ್ದು 118. ನನ್ನ ಹಳೆಯದರ 172ರ ಮುಂದೆ ಬಡ ಅಂಕಿಗಳು, ಒಪ್ಪುತ್ತೇನೆ. ಹಾಳೆಯನ್ನು 27 ಮೀಟರಿಗೆ ತಂದಾಗ ಕಥೆ ಬದಲಾಯಿತು. ರಟ್ಟಿನ ಪಾರಿವಾಳವನ್ನು ಎಲ್ಲಿಟ್ಟರೂ ಐದಾರು ಚರೆ ತಾಗುತ್ತಿದ್ದವು. ಅದೇ ದೂರಕ್ಕೆ ನನ್ನ ಫುಲ್ ಚೋಕಿನ ಚರೆ ಇನ್ನೂ ಬಿಗಿಯಾದ ಮುದ್ದೆಯಾಗಿಯೇ ಇತ್ತು. ತಾಗಿದರೆ ಮಾಂಸ ಚಿಂದಿ, ಕೊಂಚ ಆಚೀಚೆಯಾದರೆ ಗಾಳಿ. ಹೊಸಬರು ಹೊಡೆಯುವುದೆಲ್ಲ 20ರಿಂದ 30 ಮೀಟರಿನೊಳಗೆ. ಇದನ್ನು ನಾನು ಇಷ್ಟು ವರ್ಷ ಕಾಗದದ ಮೇಲೆ ನೋಡಿಯೇ ಇರಲಿಲ್ಲ.

ಒದೆತ 12ರದ್ದಕ್ಕೆ ಹೋಲಿಸಿದರೆ ಅರ್ಧಕ್ಕಿಂತ ತುಸು ಹೆಚ್ಚು. ಮಗಳು ಒಂದೇ ಬೆಳಿಗ್ಗೆ ಗಾಳಿಗೆ ಎಸೆದ 25 ಮಣ್ಣಿನ ಬಿಲ್ಲೆಗಳಿಗೆ ಹೊಡೆದು, 14ನ್ನು ಪುಡಿಮಾಡಿ, ಇನ್ನೂ ಬೇಕು ಎಂದಳು. ನಡುವೆ ಎರಡು ಸಲ ಸುಳ್ಳು ತೋಟೆ ತುಂಬಿದೆ. ಎರಡು ಸಲವೂ ಮಣಿ ನಿಂತಲ್ಲೇ ನಿಂತಿತ್ತು. ಎರಡನೆಯ ಸಲ ಅವಳು ತಿರುಗಿ, "ಅಪ್ಪಾ, ಮತ್ತೆ ಪರೀಕ್ಷೆ ಮಾಡುತ್ತಿದ್ದೀರಾ?" ಎಂದು ಕೇಳಿದಳು.

ಹಿಡಿಯ ಅಳತೆಯೂ ಇದರಲ್ಲಿ ಹೊಂದಿತು. ಮಾಲೀಕನಾದ ಗೆಳೆಯ ತನ್ನ ಮಗನಿಗಾಗಿ ಒಮ್ಮೆ ಹಿಡಿಯ ಬುಡವನ್ನು ಎರಡೂವರೆ ಸೆಂಟಿಮೀಟರ್ ಕೊಯ್ಯಿಸಿ, ಕೊಯ್ದ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಟ್ಟಿದ್ದ. ಮಗು ಬೆಳೆದ ಮೇಲೆ ಮತ್ತೆ ತಿರುಪು ಹಾಕಿ ಕೂಡಿಸಬಹುದು. ಮಗಳ ಕೆನ್ನೆ ಮೊದಲ ಸಲವೇ ಸರಿಯಾದ ಜಾಗಕ್ಕೆ ಬಂದು ಕೂತಿತು. ನನಗೂ ಯಾರಾದರೂ ಹೀಗೆ ಎರಡು ಬೆರಳು ಕೊಯ್ದುಕೊಟ್ಟಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಹಾಗಾಗಿದ್ದರೆ ನನ್ನ ಕಲೆ ಅಪ್ಪನ ಕಲೆಯಲ್ಲೇ ಕರಗಿಹೋಗುತ್ತಿತ್ತು.

ನೀರಿನ ಬಳಿಯ ಬೇಟೆಯ ಸಂಗತಿಯೂ ತೀರ್ಮಾನಕ್ಕೆ ಭಾರ ಸೇರಿಸಿತು. ಕೆಸರಿನಲ್ಲಿ ಉಳಿದ ಸೀಸದ ಚರೆಯನ್ನು ಬಾತುಗಳು ಹರಳೆಂದು ನುಂಗಿ ವಿಷವೇರಿ ಸಾಯುತ್ತವೆ. ಅದಕ್ಕಾಗಿ ಅಮೆರಿಕ 1991ರಲ್ಲಿ ದೇಶದಾದ್ಯಂತ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟ 2023ರಿಂದ ಜೌಗು ಪ್ರದೇಶಗಳಲ್ಲಿ ತಡೆದಿದೆ. ಬದಲಿಗೆ ಬಂದ ಉಕ್ಕಿನ ಚರೆ ಗಡುಸು. ಬಿಗಿ ಚೋಕಿನ ಹಳೆಯ ನಳಿಗೆ ಅದಕ್ಕೆ ಉಬ್ಬಿ ಕೆಡಬಹುದು. ನನ್ನ ಕೋವಿಯನ್ನು ಬಾತಿನ ಬೇಟೆಗೆ ಒಯ್ಯುವುದನ್ನು ನಾನು ಬಿಟ್ಟು ವರ್ಷಗಳಾದವು. ಈ 20ರ ನಳಿಗೆಗಳ ಮೇಲೆ ಉಕ್ಕಿನ ಚರೆಗೆ ಪರೀಕ್ಷಿಸಿದ ಮುದ್ರೆ ಇದೆ.

ಎರಡು ನಳಿಗೆಯಿಂದ ಆತುರ ಬರುತ್ತದೆ ಎಂಬ ನನ್ನ ಭಯಕ್ಕೆ ಮದ್ದು ಸುಲಭವಾಗಿತ್ತು. ಮೊದಲ ಐದು ದಿನ ಅವಳಿಗೆ ಬಲ ನಳಿಗೆಗೆ ಮಾತ್ರ ಒಂದು ತೋಟೆ ಕೊಟ್ಟೆ. ಆರನೆಯ ದಿನ ಎರಡನ್ನೂ ತುಂಬಿಕೊಂಡಳು. ಅಂದು ಬಲಗಡೆಯ ಈಡಿಗೆ ರೆಕ್ಕೆ ಮುರಿದ ಒಂದು ಪಾರಿವಾಳ ತತ್ತರಿಸಿದಾಗ ಎಡಗಡೆಯದರಿಂದ ಅದನ್ನು ಅಲ್ಲೇ ಮುಗಿಸಿದಳು. ನನ್ನ ಒಂಟಿ ನಳಿಗೆಯಾಗಿದ್ದರೆ ಕೋವಿ ಮಡಚಿ, ಖಾಲಿ ತೋಟೆ ಕಿತ್ತು, ಹೊಸದು ತುಂಬುವಷ್ಟರಲ್ಲಿ ಅದು ಪೊದೆ ಸೇರುತ್ತಿತ್ತು.

20 ಬೋರನ್ನೇ ಕೊಂಡೆ. ಒಂದು ಎಚ್ಚರಿಕೆ ಮಾತ್ರ ಮನೆಯಲ್ಲಿ ಕಟ್ಟಾಜ್ಞೆಯಾಗಿದೆ. 20ರ ತೋಟೆ 12ರ ನಳಿಗೆಗೆ ತಪ್ಪಿ ಬಿದ್ದರೆ ಒಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ನಳಿಗೆ ಖಾಲಿ ಎಂದುಕೊಂಡು ಹಿಂದೆ 12ರ ತೋಟೆ ಹಾಕಿ ಹೊಡೆದರೆ ನಳಿಗೆಯೇ ಸಿಡಿಯುತ್ತದೆ. ಅದಕ್ಕೆಂದೇ 20ರ ತೋಟೆಗಳನ್ನು ಹಳದಿ ಬಣ್ಣದಲ್ಲಿ ಮಾಡುತ್ತಾರೆ. ಹಳದಿ ಅವಳ ಚೀಲದಲ್ಲಿ, ಕೆಂಪು ನನ್ನ ಚೀಲದಲ್ಲಿ. ಮನೆಯಿಂದ ಹೊರಡುವ ಮೊದಲು ಇಬ್ಬರೂ ಚೀಲಗಳನ್ನು ಮೇಜಿನ ಮೇಲೆ ಸುರಿದು, ಒಬ್ಬರದನ್ನು ಇನ್ನೊಬ್ಬರು ನೋಡುತ್ತೇವೆ.

ಋತುವಿನ ಕೊನೆಯ ದಿನ ನಾನು ಹಳೆಯ ಕೋವಿಯನ್ನೇ ಒಯ್ದೆ, ಮೂರು ಕೆಂಪು ತೋಟೆಗಳೊಂದಿಗೆ. ಸಂಜೆ ಎರಡನ್ನೂ ಅವಳೇ ಒರೆಸಿದಳು. ತನ್ನದನ್ನು ಬೇಗ ಮುಗಿಸಿ, ನನ್ನದರ ಹಿಡಿಗೆ ಎಣ್ಣೆ ಹಚ್ಚುತ್ತಾ ಕಲೆಗಳ ಬಳಿ ಬಂದಾಗ ಕೈ ನಿಲ್ಲಿಸಿ, "ಮುಂದಿನದು ತಾತನದು ಅಲ್ಲವೇ?" ಎಂದಳು. ಹೌದೆಂದೆ. ಅವಳು ಬಟ್ಟೆಯನ್ನು ಆ ಎರಡು ಕಲೆಗಳ ಮೇಲೆ ಒತ್ತಿ ಉಜ್ಜದೆ, ಮೆಲ್ಲಗೆ ಸವರಿ ಮುಂದೆ ಸಾಗಿದಳು.