ಗೋಡೆಗೆ ಹಾಕುವ ಉಬ್ಬು ನಕಾಶೆ: ಬೆಟ್ಟ ಚೆನ್ನ, ಕರಾವಳಿ ಅಪೂರ್ಣ

ಬೆಳಗಾವಿಯ ಪುಸ್ತಕದಂಗಡಿಯೊಂದರಲ್ಲಿ 850 ರೂಪಾಯಿ ಕೊಟ್ಟು ತಂದ ಕರ್ನಾಟಕದ ಈ ಉಬ್ಬು ನಕಾಶೆ ಎರಡು ತಿಂಗಳಿಂದ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಸಹ್ಯಾದ್ರಿಯ ಏಣನ್ನು ಬೆರಳಾಡಿಸಿಯೇ ಗುರುತಿಸಬಹುದು. ಅರಬ್ಬಿ ಸಮುದ್ರ ನಮಗೆ ಅಷ್ಟು ಹತ್ತಿರವಿದ್ದರೂ ಘಟಪ್ರಭಾ, ಮಲಪ್ರಭಾ ಎರಡೂ ಪೂರ್ವಕ್ಕೆ ಹರಿದು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಸೇರುವುದೇಕೆಂದು ನನ್ನ ಮಗಳಿಗೆ ಅರ್ಥವಾದದ್ದು ಆ ಏಣನ್ನು ಮುಟ್ಟಿದಾಗಲೇ. ಅಷ್ಟಕ್ಕೇ ಕೊಟ್ಟ ಹಣ ಸಾರ್ಥಕವೆನಿಸಿತು.

ಆದರೆ ಕರಾವಳಿಯ ವಿಷಯದಲ್ಲಿ ನಕಾಶೆ ನಿರಾಸೆಗೊಳಿಸುತ್ತದೆ. ಕಾರವಾರದಿಂದ ಮಂಗಳೂರಿನಾಚೆಯವರೆಗೆ ಸುಮಾರು 320 ಕಿಲೋಮೀಟರ್ ಉದ್ದದ ತೀರವನ್ನು ಒಂದೇ ನೀಲಿ ಗೆರೆಯಲ್ಲಿ ಮುಗಿಸಿದ್ದಾರೆ. ನೆಲ ಮತ್ತು ಕಡಲು ಕೂಡುವುದು ಗೆರೆಯಲ್ಲಲ್ಲ, ಅಗಲವಾದ ಪಟ್ಟಿಯಲ್ಲಿ: ದಿನಕ್ಕೆ ಸಾಮಾನ್ಯವಾಗಿ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ ಬರುವ ಈ ತೀರದಲ್ಲಿ ಬೆಳಿಗ್ಗೆ ನೀರಡಿಯಿದ್ದ ಮರಳು ಮಧ್ಯಾಹ್ನ ಬಯಲಾಗಿರುತ್ತದೆ. ಕಾಳಿ ನದಿಯ ಅಳಿವೆಯಲ್ಲಂತೂ ಸಿಹಿನೀರು, ಉಪ್ಪುನೀರು ಬೆರೆತು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಕೆಸರು ನಿಂತು, ನೆಲ ಎಲ್ಲಿ ಮುಗಿಯಿತೆಂದು ಹೇಳುವುದೇ ಕಷ್ಟ. ಅಳಿವೆಗಳನ್ನಾದರೂ ಬೇರೆ ಬಣ್ಣದಲ್ಲಿ ತೋರಿಸಬೇಕಿತ್ತು. ಅಕ್ಷರಗಳು ಸ್ಪಷ್ಟವಾಗಿವೆ, ಚೌಕಟ್ಟು ಗಟ್ಟಿಯಾಗಿದೆ.