ಗೋಬರ್ ಗ್ಯಾಸ್ ಲೈನಿನ ತುಕ್ಕಿಗೆ ಯಾವುದು ಮೇಲು: ಲೇತ್ ಚೂರೋ, ಗಾಳಿ ಪಂಪೋ, ಫೆರಿಕ್ ಕ್ಲೋರೈಡೋ?

ಸಕಲೇಶಪುರದ ಕಡೆ ದಿನಕ್ಕೆ 6 ಘನ ಮೀಟರ್ ಗ್ಯಾಸು ಕೊಡುವ ಗೋಬರ್ ಗ್ಯಾಸ್ ಪ್ಲಾಂಟಿನಲ್ಲಿ ಒಲೆಯ ಜೊತೆ ಸಣ್ಣ ಜನರೇಟರನ್ನೂ ಓಡಿಸುವವರು ತುಕ್ಕು ಹಿಡಿಸಿದ ಲೇತ್ ಚೂರಿನ (ಲೇತ್ ಯಂತ್ರದಲ್ಲಿ ಉಕ್ಕು ಕಡೆಯುವಾಗ ಬೀಳುವ ಸುರುಳಿಯ) ಫಿಲ್ಟರನ್ನೇ ಹಾಕಿಕೊಳ್ಳಿ. ನಮ್ಮಲ್ಲಿ ಗಾಳಿ ಪಂಪಿಗೂ ಟೈಮರಿಗೂ ಸುರಿದ ದುಡ್ಡು ದಂಡವಾಯಿತು.

ಜಿಐ ಪೈಪು, ಹಿತ್ತಾಳೆ ವಾಲ್ವು, ಕಾರ್ಬುರೇಟರು ಎಲ್ಲವನ್ನೂ ತಿನ್ನುವುದು ಹೈಡ್ರೋಜನ್ ಸಲ್ಫೈಡ್. ಗ್ಯಾಸಿನಲ್ಲಿ ಅದು 2000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 2000 ಪಾಲು) ಇದ್ದರೆ ಇಷ್ಟು ದೊಡ್ಡ ಪ್ಲಾಂಟಿನಿಂದ ದಿನಕ್ಕೆ ಸುಮಾರು 17 ಗ್ರಾಂ ಬರುತ್ತದೆ. ನೀರು ನಿಂತ ಜಾಗದಲ್ಲೇ ಪೈಪು ಮೊದಲು ತೂತಾಗುವುದು. ಹಾಗಾಗಿ ಏನೇ ಹಾಕಿದರೂ ಲೈನಿಗೆ ಇಳಿಜಾರು, ತಗ್ಗಿನಲ್ಲಿ ವಾಟರ್ ಟ್ರ್ಯಾಪ್ ಬೇಕೇ ಬೇಕು.

ಗಾಳಿ ಪಂಪಿನ ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಗ್ಯಾಸಿನ ಶೇ 4ರಷ್ಟು, ಅಂದರೆ ದಿನಕ್ಕೆ 240 ಲೀಟರ್ ಗಾಳಿ ಒಳಗೆ ಹೋದರೆ ಬ್ಯಾಕ್ಟೀರಿಯಾಗಳು ಸಲ್ಫೈಡನ್ನು ಗಂಧಕ ಮಾಡುತ್ತವೆ. ನಿಮಿಷಕ್ಕೆ 2 ಲೀಟರ್ ಕೊಡುವ ಅಕ್ವೇರಿಯಂ ಪಂಪು 2 ಗಂಟೆ ಓಡಿದರೆ ಸಾಕು.

ತೊಡಕು ಮಳೆಗಾಲದ್ದು. ಜುಲೈ ಥಂಡಿಗೆ ಪ್ಲಾಂಟಿನೊಳಗಿನ ಸಗಣಿ ಬಗ್ಗಡ ತಣ್ಣಗಾಗಿ ಗ್ಯಾಸು ಅರ್ಧಕ್ಕೆ ಇಳಿದರೂ ಪಂಪು ಅದೇ 240 ಲೀಟರ್ ತಳ್ಳುತ್ತದೆ. ಗಾಳಿ ಶೇ 8ಕ್ಕೆ ಏರಿ ಉರಿ ಸೊರಗುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ಟೈಮರಿನ ಹೊತ್ತು ತಪ್ಪುತ್ತದೆ. ಟೈಮರು ಆನ್ ಆಗಿಯೇ ಕಚ್ಚಿಕೊಂಡರಂತೂ ದಿನಕ್ಕೆ 2880 ಲೀಟರ್ ಗಾಳಿ ಒಳಗೆ ಹೋಗುತ್ತದೆ. ಆ ಮಳೆಗಾಲದಲ್ಲಿ ಬರುವ ಗ್ಯಾಸಿಗೆ ಹೆಚ್ಚೂಕಡಿಮೆ ಸಮ. ಬೆಂಕಿಯ ಜೊತೆ ಆಟ ಅದು.

ಕಬ್ಬಿಣದ ಡ್ರಮ್ಮಿನ ಪ್ಲಾಂಟಿಗೆ ಇನ್ನೊಂದು ಪೆಟ್ಟು: ಒಳಮೈಗೆ ಹಳದಿ ಗಂಧಕ ಕೂತು, ತೇವ ಸೇರಿ ಆಮ್ಲವಾಗಿ ಡ್ರಮ್ಮನ್ನೇ ತಿನ್ನುತ್ತದೆ.

ಫೆರಿಕ್ ಕ್ಲೋರೈಡನ್ನು (ಕಬ್ಬಿಣದ ಒಂದು ಲವಣ) ಬಗ್ಗಡಕ್ಕೆ ಬೆರೆಸಿದರೆ ಸಲ್ಫೈಡು ಅಲ್ಲೇ ಕಟ್ಟಿಹೋಗುತ್ತದೆ, ಕೆಲಸ ಖಚಿತ. ಲೆಕ್ಕಕ್ಕೆ ದಿನಕ್ಕೆ 54 ಗ್ರಾಂ, ಬಳಕೆಯಲ್ಲಿ ಅದಕ್ಕಿಂತ ಹೆಚ್ಚು. ದಿನಾ ಖರ್ಚು, ದಿನಾ ಗ್ಲೌಸು. ಚೆಲ್ಲಿದರೆ ಕಬ್ಬಿಣವನ್ನು ಅದೇ ತಿನ್ನುತ್ತದೆ.

ಸುಣ್ಣದ ನೀರು ಬೇಡ. ಇಂಗಾಲದ ಡೈಆಕ್ಸೈಡಿಗೇ ಮುಗಿದುಹೋಗುತ್ತದೆ.

ಲೇತ್ ಚೂರಿನ ಮೇಲಿನ ತುಕ್ಕು ಸಲ್ಫೈಡನ್ನು ಹಿಡಿದಿಟ್ಟುಕೊಂಡು ಕಪ್ಪಾಗುತ್ತದೆ. ಚೂರಿಗೆ ಹಾಸನದ ಯಾವ ವರ್ಕ್‌ಶಾಪಾದರೂ ಸರಿ, ಉಕ್ಕಿನದೇ ಸುರುಳಿ ಇರಲಿ. ಸುಮಾರು 3 ಕಿಲೋ ಚೂರನ್ನು ಸೋಪುನೀರಿನಲ್ಲಿ ತೊಳೆದು ಎಣ್ಣೆ ತೆಗೆಯಿರಿ. ಎಣ್ಣೆ ಉಳಿದರೆ ತುಕ್ಕು ಹಿಡಿಯದು. ನೀರು ಚಿಮುಕಿಸುತ್ತ ಪೂರ್ತಿ ಕೆಂಪಾಗುವವರೆಗೆ ಹರವಿ. 4 ಇಂಚಿನ, 3 ಅಡಿ ಪಿವಿಸಿ ಪೈಪಿಗೆ ಸಡಿಲವಾಗಿ ತುಂಬಿ. ಗ್ಯಾಸಿನ ಒತ್ತಡ ಇರುವುದೇ ಸುಮಾರು 10 ಸೆಂ.ಮೀ. ನೀರಿನಷ್ಟು, ಒತ್ತಿ ತುಂಬಿದರೆ ಒಲೆ ಉರಿಯುವುದಿಲ್ಲ. ಗ್ಯಾಸು ಕೆಳಗಿನಿಂದ ಮೇಲಕ್ಕೆ ಹೋಗಲಿ, ತಳದಲ್ಲಿ ನೀರು ಬಿಡುವ ವಾಲ್ವಿರಲಿ. ಚೂರು ಸ್ವಲ್ಪ ತೇವವಾಗಿಯೇ ಇರಬೇಕು.

ಫಿಲ್ಟರ್ ದಾಟಿದ ಕಡೆ, ಪಾರದರ್ಶಕ ಟ್ಯೂಬಿನೊಳಗೆ ಉಜ್ಜಿದ ತಾಮ್ರದ ತಂತಿ ಇಡಿ. ಅದು ಕಪ್ಪಾದರೆ ಚೂರು ಸೋತಿದೆ. ಮೇಲ್ಪದರ ಮಾತ್ರ ತುಕ್ಕಾಗಿರುವುದರಿಂದ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಚೂರು ತೆಗೆದು ಮತ್ತೆ ಕೆಂಪಾಗಿಸುವ ಕೆಲಸ ಬರುತ್ತದೆ.

ತೆಗೆಯುವಾಗ ಎಚ್ಚರ. ವಾಲ್ವು ಮುಚ್ಚಿ, ಬಯಲಿನಲ್ಲಿ ಬಿಚ್ಚಿ, ಮುಖ ದೂರವಿರಲಿ. ಕಪ್ಪಾದ ಚೂರಿಗೆ ಗಾಳಿ ತಾಗಿದೊಡನೆ ಕಾವೇರುತ್ತದೆ, ಗುಡ್ಡೆ ಹಾಕಿದರೆ ಹೊತ್ತಿಕೊಳ್ಳಲೂಬಹುದು. ಹುಲ್ಲಿನ ಬಣವೆಯಿಂದ ದೂರ, ಕಲ್ಲುಚಪ್ಪಡಿಯ ಮೇಲೆ ನೀರು ಹಾಕುತ್ತ ತೆಳ್ಳಗೆ ಹರವಿ. ಮತ್ತೆ ಕೆಂಪಾದರೆ ತುಂಬಿ, ಗಂಧಕ ಕಟ್ಟಿ ಗಂಟಾಗಿದ್ದರೆ ಎಸೆಯಿರಿ.

ಒಲೆ ಮಾತ್ರ ಇರುವವರಿಗೆ ಇಂಥ ಪೈಪು ಒಂದು ಸಾಕು. ಜನರೇಟರ್ ಇದ್ದರೆ ಎರಡು ಕೂರಿಸಿ, ಒಂದರ ಚೂರು ಮತ್ತೆ ಕೆಂಪಾಗುವಾಗ ಗ್ಯಾಸು ಇನ್ನೊಂದರಲ್ಲಿ ಹಾಯಲಿ.