ಕೊಂಡಾ ಜೊತೆ ಏಳು ವರ್ಷ: ಲೈಬ್ರರಿಗಳು ಸುಲಭ, ವೇರಿಯಬಲ್‌ಗಳದ್ದೇ ಪೇಚು

ಪೈಥಾನ್ ಪ್ರೋಗ್ರಾಂಗಳಿಗೆ ಬೇಕಾದ ಲೈಬ್ರರಿಗಳನ್ನು (ಸಿದ್ಧ ಕೋಡಿನ ಕಟ್ಟುಗಳನ್ನು) ತಂದು ಹಾಕಿಕೊಡುವ ಕೊಂಡಾ ಎಂಬ ಸಾಧನವನ್ನು ನಾನು ಬಳಸತೊಡಗಿದ್ದು 2018ರಲ್ಲಿ, ಅದೂ ಬೇರೆ ದಾರಿ ಕಾಣದೆ. ಉಪಗ್ರಹ ಚಿತ್ರಗಳಿಂದ ಕೆರೆಗಳ ನೀರಿನ ಹರವನ್ನು ಅಳೆಯುವುದು ನನ್ನ ಕೆಲಸ. ಅದಕ್ಕೆ ಬೇಕಾಗುವ ಜಿಡಾಲ್, ಪ್ರೋಜ್, ಜಿಯೋಸ್ ಎಂಬ ಭೂದತ್ತಾಂಶದ ಲೈಬ್ರರಿಗಳು ಸಿ ಮತ್ತು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಂಥವು. ಪೈಥಾನಿನ ಮಾಮೂಲಿ ಸಾಧನವಾದ ಪಿಪ್ ಮೂಲಕ ಜಿಡಾಲ್ ಹಾಕಲು ಹೊರಟರೆ, ಯಂತ್ರದಲ್ಲಿ ಮೊದಲೇ ಕೂತಿದ್ದ ಆವೃತ್ತಿಗೂ ಪೈಥಾನ್ ಕಡೆಯ ಆವೃತ್ತಿಗೂ ತಾಳೆಯಾಗದೆ, ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲ್ ನಡುದಾರಿಯಲ್ಲೇ ನಿಂತುಬಿಡುತ್ತಿತ್ತು. ಕೊಂಡಾ ಮಾತ್ರ ಪೈಥಾನ್ ಸಮೇತ ಇಡೀ ಸಂಸಾರವನ್ನು ಸಿದ್ಧ ಬೈನರಿಗಳಾಗಿ ತಂದು ಒಂದೇ ಫೋಲ್ಡರಿನಲ್ಲಿ ಇಳಿಸಿತು; ಇಂಥ ಫೋಲ್ಡರಿಗೇ ಎನ್ವಿರಾನ್‌ಮೆಂಟ್ ಎನ್ನುತ್ತಾರೆ. ಆ ಒಂದು ಉಪಕಾರಕ್ಕಾಗಿಯೇ ಅದರ ಉಳಿದ ಓರೆಕೋರೆಗಳನ್ನು ಬಹಳ ಕಾಲ ಸಹಿಸಿಕೊಂಡೆ.

ಸಹಿಸಬೇಕಾದವುಗಳಲ್ಲಿ ಮುಖ್ಯವಾದದ್ದು ನಿಧಾನ. ಒಂದು ಲೈಬ್ರರಿ ಕೇಳಿದರೆ ಪರದೆಯ ಮೇಲೆ ‘ಸಾಲ್ವಿಂಗ್ ಎನ್ವಿರಾನ್‌ಮೆಂಟ್’ ಎಂಬ ಸಾಲು ಬಂದು, ಅದರ ಪಕ್ಕದ ಗೆರೆ ಗಿರಗಿಟ್ಲೆಯಂತೆ ಸುತ್ತುತ್ತಲೇ ಇರುತ್ತಿತ್ತು. ಕಾಫಿ ಕುಡಿದು ಬಂದರೂ ಸುತ್ತುತ್ತಿತ್ತು. 2023ರಲ್ಲಿ ಬಂದ 23.10ನೇ ಆವೃತ್ತಿಯಿಂದ ಲಿಬ್‌ಮಾಂಬಾ ಎಂಬ ಸಾಲ್ವರ್ (ಯಾವ ಆವೃತ್ತಿ ಯಾವುದಕ್ಕೆ ಹೊಂದುತ್ತದೆಂದು ಲೆಕ್ಕಹಾಕುವ ಭಾಗ) ಮೂಲ ಆಯ್ಕೆಯಾದ ಮೇಲೆ ಈ ದೂರು ಹೆಚ್ಚುಕಡಿಮೆ ಮುಗಿದಿದೆ. ಹಳೆಯ ಅನುಭವದಿಂದ ಬೇಸತ್ತು ಕೊಂಡಾ ಬಿಟ್ಟವರು ಇನ್ನೊಮ್ಮೆ ನೋಡಬಹುದು.

ಆದರೆ ನಾನು ಹೇಳಬೇಕಾದದ್ದು, ಪ್ರೋಗ್ರಾಂಗಳಿಗೆ ಹೊರಗಿನಿಂದ ಮಾಹಿತಿ ಕೊಡುವ ಹೆಸರು-ಮೌಲ್ಯದ ಜೋಡಿಗಳಾದ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಬಗ್ಗೆ. ಒಂದು ಎನ್ವಿರಾನ್‌ಮೆಂಟನ್ನು ಆಕ್ಟಿವೇಟ್ ಮಾಡಿದಾಗ (ಬಳಕೆಗೆ ತೆರೆದಾಗ) ಕೊಂಡಾ ಅದರ ಪ್ರೋಗ್ರಾಂಗಳಿರುವ ಬಿನ್ ಫೋಲ್ಡರನ್ನು, ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿಯಾದ ಪಾತ್‌ನ ತಲೆಗೆ ಸೇರಿಸುತ್ತದೆ. ಜೊತೆಗೆ ಆಕ್ಟಿವೇಟ್-ಡಿ ಎಂಬ ಫೋಲ್ಡರಿನಲ್ಲಿರುವ ಸ್ಕ್ರಿಪ್ಟ್‌ಗಳನ್ನೂ ಓಡಿಸುತ್ತದೆ. ಜಿಡಾಲ್‌ಗೆ ತನ್ನ ದತ್ತಾಂಶದ ಫೋಲ್ಡರ್ ಎಲ್ಲಿದೆ ಎಂದು ತಿಳಿಸುವ ವೇರಿಯಬಲ್ ಹುಟ್ಟುವುದು ಇಲ್ಲಿಯೇ. ಮೊದಮೊದಲು ನನ್ನ ಸ್ವಂತ ವೇರಿಯಬಲ್‌ಗಳಿಗೂ ಅಲ್ಲಿ ಸ್ಕ್ರಿಪ್ಟ್ ಬರೆಯುತ್ತಿದ್ದೆ, ಹೊರಬರುವಾಗ ಅಳಿಸಲು ಇನ್ನೊಂದನ್ನೂ ಬರೆಯುತ್ತಿದ್ದೆ. ಈಗ ‘ಕೊಂಡಾ ಎನ್ವ್ ಕಾನ್ಫಿಗ್ ವಾರ್ಸ್ ಸೆಟ್’ ಎಂಬ ಒಂದೇ ಆಜ್ಞೆ ಸಾಕು, ಮತ್ತೊಮ್ಮೆ ಆಕ್ಟಿವೇಟ್ ಮಾಡಿದರೆ ಮೌಲ್ಯ ಜಾರಿಗೆ ಬರುತ್ತದೆ. ಒಂದು ಜಿಲ್ಲೆಯ ಕೆಲಸಕ್ಕೆ ಒಂದು ಎನ್ವಿರಾನ್‌ಮೆಂಟ್, ಅದರ ದತ್ತಾಂಶದ ವಿಳಾಸವೂ ಅದರೊಳಗೇ. ಟರ್ಮಿನಲ್ ತೆರೆದಾಗಲೆಲ್ಲ ಓಡುವ ಬ್ಯಾಶ್‌ಆರ್‌ಸಿ ಕಡತದಲ್ಲಿ ಹತ್ತಾರು ಎಕ್ಸ್‌ಪೋರ್ಟ್ ಸಾಲುಗಳನ್ನು ಪೇರಿಸಿ, ಯಾವುದು ಯಾರದೆಂದು ಮರೆಯುವ ಕಾಟವಿಲ್ಲ.

ಇದನ್ನೇ ಅತಿಯಾಗಿ ನಂಬಿ ನಾನೊಮ್ಮೆ ಕೆಟ್ಟೆ. ದಿನವೂ ಬೆಳಗಿನ ಜಾವ ಓಡುವ ಸ್ಕ್ರಿಪ್ಟೊಂದನ್ನು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ಒಪ್ಪಿಸುವಾಗ, ಎನ್ವಿರಾನ್‌ಮೆಂಟಿನ ಒಳಗಿನ ಪೈಥಾನಿನ ಪೂರ್ಣ ವಿಳಾಸವನ್ನು ನೇರವಾಗಿ ಬರೆದಿದ್ದೆ. ಲೈಬ್ರರಿಗಳೆಲ್ಲ ಸಿಕ್ಕವು, ಒಂದು ದೋಷವೂ ತೋರಲಿಲ್ಲ. ಆದರೆ ಆಕ್ಟಿವೇಟ್ ಆಗಿರಲಿಲ್ಲವಾದ್ದರಿಂದ ನನ್ನ ವೇರಿಯಬಲ್ ಅಲ್ಲಿ ಇರಲೇ ಇಲ್ಲ. ಅದು ಸಿಗದಿದ್ದರೆ ಯಾವುದೋ ಹಳೆಯ ಫೋಲ್ಡರನ್ನು ಓದು ಎಂದು ಕೋಡಿನಲ್ಲಿ ಬರೆದಿಟ್ಟ ಜಾಣನೂ ನಾನೇ. ಒಂಬತ್ತು ದಿನ ಹಿಂದಿನ ವರ್ಷದ ಚಿತ್ರಗಳಿಂದಲೇ ನಕ್ಷೆ ಬಂತು. ಮಳೆಗಾಲದ ನಡುವೆ ಕೆರೆಯೊಂದು ಒಂದು ಗುಂಟೆಯೂ ಹಿಗ್ಗದಿದ್ದಾಗ ಅನುಮಾನ ಹುಟ್ಟಿತು. ಈಗ ಕ್ರಾನ್‌ನಲ್ಲಿ ‘ಕೊಂಡಾ ರನ್’ ಬಳಸುತ್ತೇನೆ; ಅದು ಆಕ್ಟಿವೇಟ್ ಮಾಡಿಯೇ ಸ್ಕ್ರಿಪ್ಟನ್ನು ಓಡಿಸುತ್ತದೆ. ಕೋಡಿನಲ್ಲಿ ಪರ್ಯಾಯ ಮೌಲ್ಯವನ್ನು ತೆಗೆದುಹಾಕಿದ್ದೇನೆ. ವೇರಿಯಬಲ್ ಇಲ್ಲವೇ, ಪ್ರೋಗ್ರಾಂ ಅಲ್ಲೇ ಬೀಳಲಿ.

ಇನ್ನೊಂದು ಎಚ್ಚರಿಕೆ. ಹೀಗೆ ಇಟ್ಟ ಮೌಲ್ಯಗಳೆಲ್ಲ ಎನ್ವಿರಾನ್‌ಮೆಂಟಿನ ಒಳಗಿನ ಒಂದು ಕಡತದಲ್ಲಿ ಯಾರು ಬೇಕಾದರೂ ಓದಬಹುದಾದ ಅಕ್ಷರಗಳಲ್ಲಿಯೇ ಕೂತಿರುತ್ತವೆ, ಎನ್ವಿರಾನ್‌ಮೆಂಟನ್ನು ಎಕ್ಸ್‌ಪೋರ್ಟ್ ಮಾಡಿದರೆ ಅದರ ಪಟ್ಟಿಯಿರುವ ಯಾಮೆಲ್ ಕಡತಕ್ಕೂ ಹೋಗುತ್ತವೆ. ಆದ್ದರಿಂದ ಪಾಸ್‌ವರ್ಡ್ ಮತ್ತು ಎಪಿಐ ಕೀಲಿಗಳನ್ನು ಅಲ್ಲಿ ಇಡಬಾರದು.

ಪಿಪ್ ಮತ್ತು ಕೊಂಡಾ ಒಂದೇ ಮನೆಯಲ್ಲಿ ಬಾಳಬಲ್ಲವು, ಆದರೆ ಸರದಿ ತಪ್ಪಬಾರದು: ಕೊಂಡಾದಿಂದ ಬರುವುದೆಲ್ಲ ಬಂದ ಮೇಲೆ ಪಿಪ್. ನಡುವೆ ಮತ್ತೆ ಕೊಂಡಾಗೆ ಮರಳಿದರೆ, ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ತುಳಿಯುತ್ತಾರೆ. ಹಾಗೆ ಕೆಟ್ಟ ಎನ್ವಿರಾನ್‌ಮೆಂಟನ್ನು ರಿಪೇರಿ ಮಾಡಲು ಕೂರುವುದಕ್ಕಿಂತ ಅಳಿಸಿ, ಯಾಮೆಲ್ ಕಡತದಿಂದ ಹೊಸದಾಗಿ ಕಟ್ಟುವುದೇ ಬೇಗ ಆಗುತ್ತದೆ.

ಡಿಸ್ಕ್ ಜಾಗದ ಬಗ್ಗೆ ಜನ ಹೇಳುವಷ್ಟು ಭಯ ಬೇಡ. ಒಂದೇ ಪ್ಯಾಕೇಜ್ ಐದು ಕಡೆ ಇದ್ದರೂ ಹಾರ್ಡ್ ಲಿಂಕ್ ಮೂಲಕ ಒಂದೇ ಪ್ರತಿಯನ್ನು ಹಂಚಿಕೊಳ್ಳುತ್ತವೆ. ಎನ್ವಿರಾನ್‌ಮೆಂಟನ್ನು ಬೇರೆ ಪಾರ್ಟಿಷನ್‌ನಲ್ಲಿ ಇಟ್ಟರೆ ಮಾತ್ರ ಈ ಸೌಲಭ್ಯವಿಲ್ಲ, ಪ್ರತಿಯೊಂದೂ ನಕಲಾಗುತ್ತದೆ.

ಕಚೇರಿಯಲ್ಲಿ ಬಳಸುವವರು ಚಾನೆಲ್, ಅಂದರೆ ಪ್ಯಾಕೇಜ್‌ಗಳು ಬರುವ ಉಗ್ರಾಣ, ಯಾವುದೆಂದು ನೋಡಿಕೊಳ್ಳಬೇಕು. ಅನಕೊಂಡಾ ಕಂಪನಿಯ ಮೂಲ ಚಾನೆಲ್‌ಗೆ 2020ರಿಂದ ದೊಡ್ಡ ವಾಣಿಜ್ಯ ಸಂಸ್ಥೆಗಳು ಹಣ ಕೊಡಬೇಕೆಂಬ ನಿಯಮವಿದೆ. ಸಮುದಾಯವೇ ನಡೆಸುವ ಕೊಂಡಾ-ಫೋರ್ಜ್‌ಗೆ ಅಂಥ ಶುಲ್ಕವಿಲ್ಲ. ಹೊಸ ಯಂತ್ರ ಬಂದಾಗ ನಾನು ಹಾಕುವುದು ಮಿನಿಫೋರ್ಜ್ ಎಂಬ ಕೊಂಡಾ ಇನ್‌ಸ್ಟಾಲರ್; ಅದು ಮೊದಲಿಂದಲೇ ಕೊಂಡಾ-ಫೋರ್ಜ್ ಕಡೆಗೆ ಮುಖಮಾಡಿರುತ್ತದೆ. ಬರೀ ಪೈಥಾನಿನಲ್ಲಿ ಜಾಲತಾಣ ಕಟ್ಟುವವರಿಗೆ ಇಷ್ಟೆಲ್ಲ ಸಾಮಾನು ಬೇಕಿಲ್ಲ. ಅಂಥ ಸಣ್ಣ ಕೆಲಸಗಳಿಗೆ ನಾನೂ ಪೈಥಾನಿನ ಜೊತೆಗೇ ಬರುವ ವೆನ್ವ್ ಮತ್ತು ಪಿಪ್ ಜೋಡಿಯನ್ನೇ ಬಳಸುತ್ತೇನೆ.